1,137ನೇ ಹಾಡು

ಮಕ್ಕಳೇ, ಮೊದಲು ಒಂದು ಲೆಕ್ಕ. ಗಂಟೆಗೆ 412 ಹಾಡು ಪಟ್ಟಿಗೆ ಸೇರಿದರೆ 4,386 ಹಾಡು ಸೇರಲು ಎಷ್ಟು ಹೊತ್ತು ಬೇಕು? ಪೆನ್ಸಿಲ್ ಹುಡುಕುವವರು ಹುಡುಕಿಕೊಳ್ಳಿ. ಅಷ್ಟರಲ್ಲಿ ನಾನು ನಿಮ್ಮ ಅಜ್ಜ-ಅಜ್ಜಿಯರಿಗೆ ವಿಷಯ ಹೇಳಿಬಿಡುತ್ತೇನೆ.

ಈ ಸಲ ದೀಪಾವಳಿಗೆ ಎಲ್ಲರೂ ಮೈಸೂರಿಗೆ, ನಮ್ಮ ಮನೆಗೇ ಬರುವುದೆಂದು ತೀರ್ಮಾನವಾಗಿತ್ತು. ಬಲಿಪಾಡ್ಯಮಿಯ ಸಂಜೆ ಕರೋಕೆ ಇಟ್ಟುಕೊಳ್ಳೋಣ, ಮೈಕು ತರುತ್ತೇನೆ ಎಂದವನು ನನ್ನ ಮಗ. ಹಾಡು ಎಲ್ಲಿಂದ ತರುವುದು ಎಂಬ ಪ್ರಶ್ನೆಯೇ ಇರಲಿಲ್ಲ. ನನ್ನ ತಮ್ಮ ಮೂವತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದವನು. ಗಣೇಶನ ಹಬ್ಬ ಬಂದರೆ ತಿಂಗಳುಗಟ್ಟಲೆ ಮನೆ ಸೇರುತ್ತಿರಲಿಲ್ಲ; ಇವತ್ತು ಹಾಸನ, ನಾಳೆ ಚಿತ್ರದುರ್ಗ. ನನ್ನ ಮೊಮ್ಮಗಳು ಪುಟ್ಟಿಗೆ ಅವನು ‘ಕೀಬೋರ್ಡ್ ತಾತ’. ಎರಡು ವರ್ಷದಿಂದ ಅವನಿಗೆ ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆ. ಕೀಬೋರ್ಡಿನ ಮೇಲೆ ಬಟ್ಟೆ ಮುಚ್ಚಿಟ್ಟಿದ್ದಾನೆ. ಗಂಟಲು ಮಾತ್ರ ಚೆನ್ನಾಗಿದೆ. ಅವನು ಹಾಡಲಿ ಎಂಬುದೇ ನಮ್ಮೆಲ್ಲರ ಆಸೆ. ಕೇಳಿದ ಕೂಡಲೇ ತನ್ನ ಟ್ರ್ಯಾಕುಗಳಿದ್ದ ಹಾರ್ಡ್ ಡಿಸ್ಕನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕಳುಹಿಸಿದ.

ಕರೋಕೆ ಎಂದರೇನು ಎಂದು ಪುಟ್ಟಿ ಕೇಳಿದಳು. ಜಪಾನಿ ಮಾತು. ‘ಕರಾ’ ಎಂದರೆ ಖಾಲಿ. ‘ಓಕೆ’ ಎನ್ನುವುದು ಬೇರೇನಲ್ಲ, ನಮ್ಮ ಆರ್ಕೆಸ್ಟ್ರಾವೇ. ಜಪಾನಿಯರ ಬಾಯಲ್ಲಿ ಅದು ‘ಓಕೆಸುತೊರಾ’ ಆಗಿ, ಅದರ ತಲೆ ಮಾತ್ರ ಉಳಿದಿದೆ. ಹಾಡುವವರ ಜಾಗ ಖಾಲಿ ಇರುವ ವಾದ್ಯಗೋಷ್ಠಿ ಎಂದುಕೊಳ್ಳಿ. ಕೋಬೆ ಎಂಬ ಊರಿನಲ್ಲಿ ಇನೊಯೆ ದೈಸುಕೆ ಎಂಬ ವಾದ್ಯಗಾರ ಗಿರಾಕಿಗಳ ಹಾಡಿಗೆ ಪಕ್ಕವಾದ್ಯ ನುಡಿಸುತ್ತಿದ್ದ. ಒಬ್ಬ ಗಿರಾಕಿ ಪ್ರವಾಸಕ್ಕೆ ಜೊತೆಯಲ್ಲಿ ಬಾ ಎಂದಾಗ ಹೋಗಲು ಆಗದೆ, ತನ್ನ ವಾದನವನ್ನು ಟೇಪಿನಲ್ಲಿ ತುಂಬಿಸಿ ಕೊಟ್ಟುಕಳುಹಿಸಿದ. ಅದೇ ಯೋಚನೆಯಿಂದ 1971ರಲ್ಲಿ ನಾಣ್ಯ ಹಾಕಿದರೆ ಪಕ್ಕವಾದ್ಯ ನುಡಿಸುವ 11 ಯಂತ್ರಗಳನ್ನು ಮಾಡಿಸಿ ಬಾಡಿಗೆಗೆ ಬಿಟ್ಟ. ಪೇಟೆಂಟ್ ಮಾಡಿಸಲಿಲ್ಲ, ಲೋಕವೆಲ್ಲ ಹಾಡಿತು, ಹಣ ಬೇರೆಯವರಿಗೆ ಹೋಯಿತು. ಅವನಿಗಿಂತ ಮೊದಲೇ, 1967ರಲ್ಲಿ, ಟೋಕಿಯೊದ ನೆಗಿಶಿ ಶಿಗೆಯಿಚಿ ಇಂಥದ್ದೇ ಒಂದು ಪೆಟ್ಟಿಗೆ ಮಾಡಿದ್ದರು ಎಂಬುದನ್ನೂ ಸೇರಿಸಿ ಹೇಳಬೇಕು. ಇನೊಯೆಗೆ 2004ರಲ್ಲಿ ‘ಇಗ್ ನೊಬೆಲ್’ ಎಂಬ ನಗೆಚಾಟಿಕೆಯ ಶಾಂತಿ ಪ್ರಶಸ್ತಿ ಕೊಟ್ಟರು. ಒಬ್ಬರು ಇನ್ನೊಬ್ಬರನ್ನು ಸಹಿಸಿಕೊಳ್ಳುವುದನ್ನು ಕಲಿಸಿದ್ದಕ್ಕಂತೆ! ನನ್ನ ಯಜಮಾನರ ಹಾಡನ್ನು ಕೇಳಿದವರಿಗೆ ಇದು ತಮಾಷೆಯಾಗಿ ಕಾಣುವುದಿಲ್ಲ.

ಶನಿವಾರ ರಾತ್ರಿ ಏಳಕ್ಕೆ ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿ, ಕರೋಕೆ ಸಾಫ್ಟ್‌ವೇರಿನಲ್ಲಿ ‘ಇಂಪೋರ್ಟ್’ ಒತ್ತಿದೆ. ಎಂಟಕ್ಕೆ ನೋಡಿದರೆ 4,386ರಲ್ಲಿ 412. ಒಂಬತ್ತಕ್ಕೆ 824. ಪುಟ್ಟಿ ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ಈ ಸಂಖ್ಯೆಗಳನ್ನು ಬರೆದುಕೊಳ್ಳುತ್ತಿದ್ದಳು. ಐದನೇ ಕ್ಲಾಸು, ಏನು ಕಂಡರೂ ಬರೆದಿಡುವ ಚಟ. ಲೆಕ್ಕ ಮಾಡಿದವರಿಗೆ ಉತ್ತರ ಬಂತೇ? ಹತ್ತೂವರೆ ಗಂಟೆಗಿಂತ ತುಸು ಹೆಚ್ಚು. ಅಂದರೆ ಬೆಳಗಿನ ಜಾವ ಐದೂ ಮುಕ್ಕಾಲಕ್ಕೆ ಮೊದಲು ಮುಗಿಯಬೇಕು. ಸರಿ, ಅದರ ಪಾಡಿಗೆ ಅದು ಮಾಡಿಕೊಳ್ಳಲಿ ಎಂದು ಮಲಗಿದೆವು.

ಬೆಳಿಗ್ಗೆ ಎದ್ದರೆ ಕಂಪ್ಯೂಟರೂ ಮಲಗಿತ್ತು! ಅರ್ಧ ಗಂಟೆ ಯಾರೂ ಕೀಲಿ ಒತ್ತದಿದ್ದರೆ ನಿದ್ದೆ ಮಾಡು ಎಂದು ಅದಕ್ಕೆ ಹೇಳಿಟ್ಟವಳು ನಾನೇ, ಕರೆಂಟು ಉಳಿಯಲಿ ಎಂದು. ಒಂಬತ್ತೂವರೆಗೆ 1,030ನೇ ಹಾಡಿನ ಹತ್ತಿರ ನಿದ್ದೆ ಹೋಗಿದೆ. ಎಬ್ಬಿಸಿದರೆ ಡಿಸ್ಕ್ ಸಿಗುತ್ತಿಲ್ಲ ಎಂದು ಹೇಳಿ ಸಾಫ್ಟ್‌ವೇರು ಎಲ್ಲವನ್ನೂ ಬಿಟ್ಟುಕೊಟ್ಟಿತು. ಮತ್ತೆ ಒಂದರಿಂದ. ದೀರ್ಘ ಕೆಲಸಕ್ಕೆ ಕೂರಿಸುವ ಮೊದಲು ಸೆಟ್ಟಿಂಗಿನಲ್ಲಿ ‘ಸ್ಲೀಪ್’ ಎಂಬಲ್ಲಿ ‘ನೆವರ್’ ಎಂದು ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ಹಿಂದಿನಂತೆ ಮಾಡುವುದನ್ನೂ ಮರೆಯಬೇಡಿ.

ಇಂಪೋರ್ಟ್ ಎಂದರೆ ಅಷ್ಟು ಹೊತ್ತು ಅದು ಮಾಡುವುದಾದರೂ ಏನು? ನಾನು ಅಂಚೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಇದ್ದವಳು, ನನಗೆ ತಿಳಿಯುವ ಹಾಗೆ ಹೇಳುತ್ತೇನೆ. ಒಂದು ದೊಡ್ಡ ಪಾರ್ಸೆಲ್ ಬಂದರೆ ಒಂದೇ ಸಾಲು ಬರೆದು ಒಳಗೆ ತಳ್ಳಬಹುದು. ಅದೇ ತೂಕದ ಸಾವಿರ ರಿಜಿಸ್ಟರ್ ಪತ್ರ ಬಂದರೆ? ಒಂದೊಂದನ್ನೂ ಎತ್ತಬೇಕು, ಓದಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ತೂಕ ಒಂದೇ, ದುಡಿಮೆ ಸಾವಿರ ಪಟ್ಟು. ಕರೋಕೆ ಹಾಡು ಸಾಮಾನ್ಯವಾಗಿ ಒಂದು ಜಿಪ್ ಕಟ್ಟು. ಅದರೊಳಗೆ ಎರಡು ಫೈಲು: ವಾದ್ಯಕ್ಕೆ ಎಂಪಿ3, ಪದಗಳಿಗೆ ಸಿಡಿಜಿ. ಸಾಫ್ಟ್‌ವೇರು ಒಂದೊಂದು ಕಟ್ಟನ್ನೂ ಬಿಚ್ಚಿ, ಎರಡೂ ಜೋಡಿ ಇವೆಯೇ ಎಂದು ನೋಡಿ, ಹಾಡಿನ ಹೆಸರು, ಗಾಯಕರ ಹೆಸರು ಓದಿ, ಎಷ್ಟು ನಿಮಿಷ ಎಂದು ಅಳೆದು, ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಹೀಗೆ 4,386 ಸಲ.

ಈ ಸಿಡಿಜಿ ಒಂದು ಸೊಗಸಾದ ವಸ್ತು, ಅದರ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಪರದೆಯ ಮೇಲೆ ಬರುವ ಸಾಲುಗಳು ಅಕ್ಷರ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಬಣ್ಣದ ಬಿಲ್ಲೆಗಳು ಮಾತ್ರ. ಒಂದು ಬಿಲ್ಲೆ 6 ಚುಕ್ಕಿ ಅಗಲ, 12 ಚುಕ್ಕಿ ಎತ್ತರ. ಅಂಥವು ಅಡ್ಡಕ್ಕೆ 50, ಉದ್ದಕ್ಕೆ 18. ಹಾಗಾದರೆ ಇಡೀ ಚಿತ್ರ ಎಷ್ಟು ಚುಕ್ಕಿ? 300 ಅಡ್ಡ, 216 ಉದ್ದ. ಒಂದು ಸಲಕ್ಕೆ 16 ಬಣ್ಣ, ಅಷ್ಟೇ. ನಮ್ಮ ರಂಗೋಲಿ ಡಬ್ಬಿಯಲ್ಲಿ ಅದಕ್ಕಿಂತ ಹೆಚ್ಚಿವೆ. ಆದರೆ ಇದರಲ್ಲಿ ಒಂದು ಅನುಕೂಲ ಇದೆ. ಬಿಲ್ಲೆ ಜೋಡಿಸಿ ಯಾವ ಲಿಪಿಯನ್ನಾದರೂ ಬರೆಯಬಹುದು. ನನ್ನ ತಮ್ಮ ಹೀಗೆ ಕನ್ನಡದಲ್ಲಿ ಪದ ಕೂರಿಸಿ, ತಾನೇ ವಾದ್ಯ ನುಡಿಸಿ, 214 ಟ್ರ್ಯಾಕು ಮಾಡಿಟ್ಟಿದ್ದಾನೆ. ಉಳಿದ ಹಾಡುಗಳು ಅಲ್ಲಿಂದ ಇಲ್ಲಿಂದ ಕೂಡಿಸಿದ್ದು. ಈ 214 ಮಾತ್ರ ಅವನ ಕೈಯವು, ಆ ಕೈ ನೆಟ್ಟಗಿದ್ದಾಗಿನವು.

ಲೆಕ್ಕದವರಿಗೆ ಇನ್ನೊಂದು. ಸಿಡಿಜಿಯಲ್ಲಿ ಸೆಕೆಂಡಿಗೆ 300 ಪೊಟ್ಟಣ ಬರುತ್ತವೆ, ಪೊಟ್ಟಣಕ್ಕೆ 24 ಬೈಟು. ನಾಲ್ಕು ನಿಮಿಷದ ಹಾಡಿಗೆ ಎಷ್ಟು? ನಾನು ಹೇಳುವುದಿಲ್ಲ, ಹದಿನೇಳು ಲಕ್ಷದ ಆಚೀಚೆ ಬಂದರೆ ನಿಮ್ಮ ದಾರಿ ಸರಿ.

ಭಾನುವಾರ ಎಂಟಕ್ಕೆ ಮತ್ತೆ ಶುರು ಮಾಡಿದೆ. ಹತ್ತೂ ಮುಕ್ಕಾಲರ ಹೊತ್ತಿಗೆ ಸಂಖ್ಯೆ 1,137ಕ್ಕೆ ಬಂದು ನಿಂತಿತು. ಹನ್ನೊಂದಾಯಿತು, ಹನ್ನೆರಡಾಯಿತು, 1,137. ಒಬ್ಬಟ್ಟಿಗೆ ಬೇಳೆ ನೆನೆಸಿದ ಹಾಗೆ ನಾನೂ ಅಲ್ಲೇ ನೆನೆಯುತ್ತಾ ಕೂತಿದ್ದೆ. ಪುಟ್ಟಿ ಬಂದು ಡಿಸ್ಕಿಗೆ ಕಿವಿ ಇಟ್ಟಳು.

“ಅಜ್ಜಿ, ಇದು ಟಿಕ್ ಟಿಕ್ ಅಂತಿದೆ.”

“ಅದು ಫ್ಯಾನಿನ ಸದ್ದು. ಸುಮ್ಮನಿರು.”

“ಫ್ಯಾನ್ ಅಲ್ಲ ಅಜ್ಜಿ, ಇದರೊಳಗೆ...”

“ನಿನ್ನ ಆ ಆಟ ಹಾಕ್ಕೊಂಡ ಮೇಲೇ ಈ ಕಂಪ್ಯೂಟರ್ ಹೀಗಾಗಿರೋದು!”

ಹೀಗೆಂದು, ಅವಳು ಬೇಡ ಬೇಡ ಎನ್ನುತ್ತಿದ್ದ ಹಾಗೇ, ಆ ಆಟವನ್ನು ಕಂಪ್ಯೂಟರಿನಿಂದ ಕಿತ್ತುಹಾಕಿದೆ. ‘ಉಳಿಸಿದ್ದನ್ನೂ ಅಳಿಸಲೇ’ ಎಂದು ಅದು ಕೇಳಿತು. ಹೂಂ ಎಂದೆ. ಓದಿ ನೋಡಲಿಲ್ಲ. ಬೇಸಿಗೆ ರಜೆಯಿಂದ ಅವಳು ಅದರಲ್ಲಿ ಒಂದು ಮನೆ ಕಟ್ಟುತ್ತಿದ್ದಳು. ತೊಟ್ಟಿ ಮನೆ, ನಾನು ಹೇಳಿದ್ದ ನನ್ನ ಅಪ್ಪನ ಮನೆಯ ಹಾಗೆ, ನಡುವೆ ಮಳೆ ಬೀಳುವ ಅಂಗಳ, ಹಿಂದೆ ಕೊಟ್ಟಿಗೆ. ಅದೂ ಹೋಯಿತು. ಅವಳು ಅಳಲಿಲ್ಲ. ಕ್ಯಾಲೆಂಡರ್ ಹಾಳೆ ತೆಗೆದುಕೊಂಡು ಜಗಲಿಗೆ ಹೋಗಿ ಕೂತಳು. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು.

ಸಂಜೆ ಬೆಂಗಳೂರಿನಿಂದ ಮಗ ಫೋನು ಮಾಡಿದ. ನಾನು ದೂರು ಹೇಳಿದೆ. ಅವನು ಕೇಳಿದ ಮೊದಲ ಪ್ರಶ್ನೆ: “ಅಮ್ಮ, ಯಾವುದು ತಡ ಮಾಡ್ತಿದೆ ಅಂತ ನೋಡಿದ್ಯಾ, ಇಲ್ಲ ಊಹೆ ಮಾಡಿದ್ಯಾ?” ಊಹೆ ಮಾಡಿದ್ದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತು ಎಂದ. ವಿಂಡೋಸ್ ಕಂಪ್ಯೂಟರಿನಲ್ಲಿ ಹಾಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಹಲಗೆ ತೆರೆದುಕೊಳ್ಳುತ್ತದೆ. ಒಳಗೆ ಯಾರು ಎಷ್ಟು ದುಡಿಯುತ್ತಿದ್ದಾರೆ ಎಂಬ ಹಾಜರಿ ಪುಸ್ತಕ ಅದು. ಇಂಪೋರ್ಟ್ ಮತ್ತೆ ಹಚ್ಚಿ ನೋಡಿದರೆ ಕಂಪ್ಯೂಟರಿನ ಮಿದುಳು, ಅಂದರೆ ಸಿಪಿಯು, ನೂರಕ್ಕೆ ಏಳರಷ್ಟು ಮಾತ್ರ ದುಡಿಯುತ್ತಿತ್ತು. ಹೊರಗಿನ ಡಿಸ್ಕ್ ಮಾತ್ರ ನೂರಕ್ಕೆ ನೂರು. ಮಿದುಳು ಖಾಲಿ ಕೂತಿದೆ ಎಂದರೆ ಆಟದ ತಪ್ಪೆಲ್ಲಿ ಬಂತು? ತೆರೆಯದೇ ಇರುವ ಆಟ ಬೆಟ್ಟದಷ್ಟು ದೊಡ್ಡದಿದ್ದರೂ ಯಾರ ದಾರಿಗೂ ಅಡ್ಡ ಬರುವುದಿಲ್ಲ. ಅದನ್ನು ನೋಡಿ ನನ್ನ ಕಿವಿ ಬಿಸಿಯಾಯಿತು. ಪುಟ್ಟಿ ಬಾಗಿಲ ಹತ್ತಿರ ನಿಂತಿದ್ದಳು. ನಾನು ಆಗ ಏನೂ ಹೇಳಲಿಲ್ಲ. ಹೇಳಬೇಕಿತ್ತು.

ಮಗ ಇನ್ನೊಂದು ಪರೀಕ್ಷೆ ಹೇಳಿದ. ಇಪ್ಪತ್ತೇ ಹಾಡನ್ನು ಕಂಪ್ಯೂಟರಿನ ಒಳಗಿನ ಡಿಸ್ಕಿಗೆ ಪ್ರತಿ ಮಾಡಿ, ಅಲ್ಲಿಂದ ಇಂಪೋರ್ಟ್ ಮಾಡಿ ನೋಡು ಎಂದ. ಆರು ಸೆಕೆಂಡಿನಲ್ಲಿ ಇಪ್ಪತ್ತೂ ಸೇರಿದವು. ಸಾಫ್ಟ್‌ವೇರು ನಿರಪರಾಧಿ. ತಡವಾಗುತ್ತಿರುವುದು ದಾರಿಯಲ್ಲಿ.

ದಾರಿಯಲ್ಲಿ ಮೂರು ಅಡ್ಡಗಟ್ಟೆ ಇದ್ದವು. ಒಂದು ಸಣ್ಣದು, ಒಂದು ಮಧ್ಯಮ, ಇನ್ನೊಂದರ ವಿಷಯ ಆಮೇಲೆ ಹೇಳುತ್ತೇನೆ.

ಸಣ್ಣದು, ನಾನು ಚುಚ್ಚಿದ್ದ ಕಿಂಡಿ. ಬಗ್ಗಲು ಸೋಮಾರಿತನ, ಮುಂದಿನ ಕಿಂಡಿಗೇ ಚುಚ್ಚಿದ್ದೆ. ಅದು ಯುಎಸ್‌ಬಿ 2, ಸೆಕೆಂಡಿಗೆ 480 ಮೆಗಾಬಿಟ್ ಅದರ ಮಿತಿ. ಹಿಂದೆ ಯುಎಸ್‌ಬಿ 3 ಕಿಂಡಿ ಇತ್ತು, ಅದರ ಮಿತಿ 5,000. ಒಳಗಿನ ನಾಲಿಗೆ ನೀಲಿ ಇದ್ದರೆ ಸಾಮಾನ್ಯವಾಗಿ ಅದು ಯುಎಸ್‌ಬಿ 3. ಆದರೆ ಹತ್ತು ಪಟ್ಟು ಬೇಗ ಆಗುತ್ತದೆ ಎಂದು ಕುಣಿಯಬೇಡಿ. ರಸ್ತೆ ಅಗಲವಾದರೂ ಪೋಸ್ಟ್‌ಮನ್ ಪ್ರತಿ ಮನೆಗೂ ಸೈಕಲ್ ಇಳಿಯಲೇಬೇಕಲ್ಲ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ತಟ್ಟೆ ಇರುತ್ತದೆ, ಇಂಥ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು. ಸೆಕೆಂಡಿಗೆ 90! ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ, ತಾಗದೆ, ಓದುವ ತಲೆ ತೇಲುತ್ತಿರುತ್ತದೆ. ಪ್ರತಿ ಹೊಸ ಫೈಲಿಗೂ ಆ ತಲೆ ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯಬೇಕು, ಬೇಕಾದ ಭಾಗ ಸುತ್ತಿ ಬರುವವರೆಗೆ ಕಾಯಬೇಕು. ಸಣ್ಣ ಫೈಲು ಸಾವಿರಾರಿದ್ದರೆ ಓದುವುದಕ್ಕಿಂತ ಓಡಾಟಕ್ಕೇ ಹೆಚ್ಚು ಹೊತ್ತು.

ಮಧ್ಯಮದ್ದು, ವೈರಸ್ ಕಾಯುವ ಸಾಫ್ಟ್‌ವೇರು. ನಾನು ಕಟ್ಟು ಬಿಚ್ಚುವ ಮೊದಲು ಪ್ರತಿಯೊಂದನ್ನೂ ಪಹರೆಯವನು ಬಿಚ್ಚಿ, ಒಳಗೆಲ್ಲ ತಡಕಿ, ಮತ್ತೆ ಕಟ್ಟಿ ನನಗೆ ಕೊಟ್ಟರೆ ಹೇಗೆ? ಅವನ ಕೆಲಸವೇ ಅದು, ತಪ್ಪಲ್ಲ. ಕೆಲವರು ಅವನನ್ನು ಮನೆಗೇ ಕಳುಹಿಸಿಬಿಡಿ ಎನ್ನುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಊರೂರು ಸುತ್ತಿದ ಡಿಸ್ಕನ್ನು ಚುಚ್ಚಿಕೊಂಡು ಬಾಗಿಲು ತೆರೆದಿಡುವುದು ಎಂದರೇನು? ಮೊದಲು ಆ ಫೋಲ್ಡರನ್ನು ಪೂರ್ತಿ ತಪಾಸಣೆ ಮಾಡಿಸಿ. ಏನೂ ಇಲ್ಲ ಎಂದ ಮೇಲೆ ಸೆಕ್ಯೂರಿಟಿ ಸೆಟ್ಟಿಂಗಿನಲ್ಲಿ ‘ಎಕ್ಸ್‌ಕ್ಲೂಷನ್ಸ್’ ಎಂಬ ಪಟ್ಟಿಗೆ ಆ ಒಂದು ಫೋಲ್ಡರನ್ನು ಮಾತ್ರ ಸೇರಿಸಿ. ಇಡೀ ಡಿಸ್ಕನ್ನಲ್ಲ. ಇಂಪೋರ್ಟ್ ಮುಗಿದ ದಿನವೇ ಅಲ್ಲಿಂದ ತೆಗೆದುಬಿಡಿ. ಮಕ್ಕಳೇ, ಇದನ್ನು ಮನೆಯ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಬೇಕು.

ನಾನು ಮಾಡಿದ ಇನ್ನೊಂದು ದಡ್ಡತನವೂ ಇತ್ತು. ಹಾಡಿನ ಫೋಲ್ಡರ್ ಆರಿಸುವ ಬದಲು ಇಡೀ ಡಿಸ್ಕನ್ನೇ ಆರಿಸಿದ್ದೆ. ಪಾಪ ಅದು ತಮ್ಮನ ಮಗಳ ಮದುವೆ ಫೋಟೊಗಳ ನಡುವೆಯೂ ಹಾಡು ಹುಡುಕುತ್ತಿತ್ತು.

ಇಷ್ಟೆಲ್ಲ ಸರಿಮಾಡಿ ರಾತ್ರಿ ಎಂಟಕ್ಕೆ ಮೂರನೆಯ ಸಲ ಹಚ್ಚಿದೆವು. ಸಂಖ್ಯೆ ಓಡತೊಡಗಿತು. ಹಿಂದೆ ಒಂದು ಹಾಡಿಗೆ ಒಂಬತ್ತು ಸೆಕೆಂಡಿನಷ್ಟು ಆಗುತ್ತಿದ್ದದ್ದು ಈಗ ಎರಡು ಸೆಕೆಂಡಿಗೆ ಇಳಿದಿತ್ತು. ಎಂಟೂವರೆಗೆ ಎಂಟುನೂರು ದಾಟಿತು. ನಾನು ಗೆದ್ದೆ ಎಂದು ಕಾಫಿಗೆ ನೀರಿಟ್ಟೆ. ಹಾಲು ಉಕ್ಕುವ ಹೊತ್ತಿಗೆ ಪುಟ್ಟಿ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು. ಬೆಳಗಿನಿಂದ ಅವಳು ನನ್ನ ಹತ್ತಿರ ತಾನಾಗಿ ಆಡಿದ ಮೊದಲ ಮಾತು ಅದು.

“ಅಜ್ಜಿ, ಅದೇ ನಂಬರ್.”

ಹೋಗಿ ನೋಡಿದೆ. 1,137.

ಅವಳು ಕ್ಯಾಲೆಂಡರ್ ಹಾಳೆ ಮುಂದೆ ಹಿಡಿದಳು. ಬೆಳಿಗ್ಗೆಯದು, ರಾತ್ರಿಯದು, ಎರಡೂ ಕಡೆ 1,137ರ ಸುತ್ತ ಕೆಂಪು ಗೆರೆ. “ನಿಧಾನ ಆದ್ರೆ ಎಲ್ಲಿ ಬೇಕಾದ್ರೂ ನಿಲ್ಲಬೇಕಲ್ವಾ? ಬೇಗ ಹೋದಾಗ್ಲೂ ಅಲ್ಲೇ ಯಾಕೆ ನಿಲ್ಲತ್ತೆ?” ಆಮೇಲೆ ಸಣ್ಣ ದನಿಯಲ್ಲಿ, “ಟಿಕ್ ಟಿಕ್ ಕೂಡ ಆಗ್ಲೇ ಬರೋದು.”

ಫ್ಯಾನ್ ಆರಿಸಿ, ನಾನೂ ಮಂಡಿಯೂರಿ ಕಿವಿ ಇಟ್ಟೆ. ಟಿಕ್. ಟಿಕ್. ಟಿಕ್. ಡಿಸ್ಕಿನೊಳಗಿಂದ. ಓದುವ ತಲೆ ಒಂದೇ ಜಾಗಕ್ಕೆ ಹೋಗಿ, ಓದಲಾಗದೆ, ಹಿಂದೆ ಬಂದು ಮತ್ತೆ ಹೋಗುವ ಸದ್ದು. ಇದೇ ಮೂರನೆಯ ಅಡ್ಡಗಟ್ಟೆ. ತಟ್ಟೆಯ ಒಂದು ಜಾಗ ಕೆಟ್ಟರೆ ಡಿಸ್ಕ್ ಸುಮ್ಮನೆ ‘ಆಗುವುದಿಲ್ಲ’ ಎನ್ನುವುದಿಲ್ಲ; ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಮಗೆ ಅದು ‘ನಿಧಾನ’ ಎಂದು ಕಾಣುತ್ತದೆ. ನಾನು ಮೂರು ಸಲ ಇಂಪೋರ್ಟ್ ಒತ್ತಿ, ಜ್ವರದವನನ್ನು ಮೂರು ಸಲ ಚಾಮುಂಡಿ ಬೆಟ್ಟ ಹತ್ತಿಸಿದ್ದೆ.

ತಕ್ಷಣ ನಿಲ್ಲಿಸಿ, ತಮ್ಮನಿಗೆ ಫೋನು ಹಚ್ಚಿದೆ. “ಈ ಹಾಡುಗಳು ಬೇರೆ ಎಲ್ಲಾದರೂ ಇವೆಯೇನೋ?” ಎಂದೆ. ಇಲ್ಲ ಎಂದ. ಸ್ವಲ್ಪ ಹೊತ್ತು ಬಿಟ್ಟು, “ಅಕ್ಕ, ಅದು ಬಿದ್ದಿತ್ತು,” ಎಂದ. ಆಷಾಢದಲ್ಲಿ ಮೇಜಿನಿಂದ ಎತ್ತುವಾಗ ಕೈ ನಡುಗಿ ನೆಲಕ್ಕೆ ಬಿತ್ತಂತೆ. ಮನೆಯಲ್ಲಿ ಹೇಳಿದರೆ ಇನ್ನು ಯಾವುದನ್ನೂ ಮುಟ್ಟಬೇಡ ಎನ್ನುತ್ತಾರೆ ಎಂದು ಹೇಳಿರಲಿಲ್ಲ. ನನಗೂ ಹೇಳಲಿಲ್ಲ, ನೋಡಿ. ನಾನು ಬೈಯಲಿಲ್ಲ. ಬೆಳಿಗ್ಗೆಯೇ ಬೈಗುಳದ ಕೋಟಾ ಮುಗಿಸಿದ್ದೆ. “ಯಾವುದು ಮೊದಲು ಬೇಕು ಹೇಳು” ಎಂದೆ. “‘ಸ್ವಂತ’ ಅಂತ ಒಂದು ಫೋಲ್ಡರಿದೆ” ಎಂದ.

ಇಂಥ ಹೊತ್ತಿನಲ್ಲಿ ಏನು ಮಾಡಬಾರದು ಎಂಬುದನ್ನು ಮಗ ಮೊದಲು ಹೇಳಿದ. ಡಿಸ್ಕ್ ರಿಪೇರಿ ಮಾಡಲೇ ಎಂದು ಕಂಪ್ಯೂಟರ್ ಕೇಳಿದರೆ ಈಗ ಬೇಡ ಎನ್ನಬೇಕು. ರಿಪೇರಿಗೆ ಅದು ಇಡೀ ತಟ್ಟೆಯನ್ನು ಜಾಲಾಡುತ್ತದೆ, ಉಳಿದ ಉಸಿರೂ ಅದರಲ್ಲೇ ಹೋಗಬಹುದು. ಅಲುಗಾಡಿಸಬಾರದು, ತಟ್ಟಬಾರದು. ಇನ್ನೊಬ್ಬರು ಹೇಳಿದರೆಂದು ಫ್ರಿಜ್ಜಿನಲ್ಲಿ ಇಡಲೇಬಾರದು. ಬೇಕಾದದ್ದನ್ನು, ಬೇಕಾದ ಕ್ರಮದಲ್ಲಿ, ಪ್ರತಿ ಮಾಡಿಕೊಳ್ಳಬೇಕು. ನಿಜವಾಗಿ ಹಣದ ಬೆಲೆಯ ಕಾಗದಪತ್ರ ಇದ್ದಿದ್ದರೆ ನಾವೇ ಕೈ ಹಾಕದೆ, ಆರಿಸಿ, ಕೆಟ್ಟ ಡಿಸ್ಕಿನಿಂದ ಮಾಹಿತಿ ತೆಗೆಯುವವರ ಹತ್ತಿರ ಒಯ್ಯುವುದೇ ಸರಿ ಎಂದ. ತಮ್ಮನನ್ನು ಕೇಳಿದೆ. “ಹಬ್ಬ ಮೂರು ದಿನ ಇದೆ, ನೀವೇ ನೋಡಿ” ಎಂದ.

ಪುಟ್ಟಿಯನ್ನು ಕರೆದೆ. ಅವಳೇ ಕುರ್ಚಿ ಎಳೆದು ಕೂತಳು. ಹತ್ತು ಹತ್ತು ಹಾಡಾಗಿ ಪ್ರತಿ ಮಾಡುವುದು, ಒಂದು ಕಂತು ಬಂದ ಮೇಲೆ ಇನ್ನೊಂದು. ಯಾವುದಾದರೂ ನಿಂತರೆ ‘ಸ್ಕಿಪ್’ ಒತ್ತಿ ಬಿಟ್ಟು ಮುಂದೆ ಹೋಗುವುದು, ಹಟ ಹಿಡಿಯುವುದಲ್ಲ. ಅವಳು ಒತ್ತುವುದು, ನಾನು ಬರೆಯುವುದು. ಅಂಚೆ ಕಚೇರಿಯಲ್ಲಿ ಇದಕ್ಕಿಂತ ಗಮನವಿಟ್ಟು ನಾನು ಮನಿಯಾರ್ಡರ್ ಎಣಿಸಿದ್ದು ನೆನಪಿಲ್ಲ. ಹನ್ನೊಂದೂವರೆಗೆ 214ರಲ್ಲಿ 211 ನಮ್ಮ ಕೈಗೆ ಬಂದಿದ್ದವು. ಮೂರು ಬರಲಿಲ್ಲ. ಆ ಮೂರರಲ್ಲಿ ಒಂದು ನಮ್ಮ 1,137.

ಮಲಗುವ ಮುಂಚೆ ಅವಳ ಪಕ್ಕ ಕೂತು, ತಪ್ಪಾಯಿತು ಪುಟ್ಟಿ ಎಂದೆ. ಸದ್ದು ಡಿಸ್ಕಿನದು ಎಂದು ನೀನು ಸರಿಯಾಗೇ ಹೇಳಿದೆ, ನಾನು ಕೇಳಲಿಲ್ಲ. ನಿನ್ನ ಮನೆ ಕೆಡವಿದ್ದಕ್ಕೆ ಕಾರಣವೇ ಇರಲಿಲ್ಲ ಎಂದೆ. ಅವಳು ಗೋಡೆ ಕಡೆ ತಿರುಗಿಕೊಂಡಿದ್ದಳು. “ಕೊಟ್ಟಿಗೇಲಿ ಮೂರು ಹಸು ಇತ್ತು” ಎಂದಳು. ಅಷ್ಟೇ.

ಸೋಮವಾರ ಉಳಿದ 4,172ಕ್ಕೆ ಕೈ ಹಾಕಿದೆವು. 3,640 ಬಂದವು. ಸಂಜೆ ನಾಲ್ಕರ ಹೊತ್ತಿಗೆ ಟಿಕ್ ಟಿಕ್ ಒಂದೇ ಸಮನೆ ಹತ್ತಿಪ್ಪತ್ತು ಸಲ ಕೇಳಿಸಿ, ಡಿಸ್ಕು ಪರದೆಯಿಂದ ಮಾಯವಾಯಿತು. ಮತ್ತೆ ಬರಲಿಲ್ಲ. ನಮ್ಮ ಬಳಿ ಉಳಿದದ್ದು 3,851. ಒಳಗಿನ ಡಿಸ್ಕು ತಿರುಗುವ ತಟ್ಟೆಯದಲ್ಲ, ಎಸ್‌ಎಸ್‌ಡಿ. ಅದರಲ್ಲಿ ತಲೆಯೂ ಇಲ್ಲ, ಓಡಾಟವೂ ಇಲ್ಲ. ಅಲ್ಲಿಂದ 3,851 ಹಾಡೂ ಇಂಪೋರ್ಟ್ ಆಗಲು ಹಿಡಿದದ್ದು ಹದಿನೆಂಟು ನಿಮಿಷ. ಮೊದಲೇ ಒಳಗೆ ಪ್ರತಿ ಮಾಡಿಕೊಂಡು ಶುರು ಮಾಡಿದ್ದರೆ ಶನಿವಾರವೇ ಡಿಸ್ಕಿನ ಕಾಯಿಲೆ ಗೊತ್ತಾಗುತ್ತಿತ್ತು. ಹೆಸರುಗಳಲ್ಲಿ ಕೆಲವು ಹಳೆಯ ಕನ್ನಡ ಫಾಂಟಿನಲ್ಲಿ ಬರೆದವಾದ್ದರಿಂದ ಇರುವೆ ಸಾಲಿನ ಹಾಗೆ ಕಾಣುತ್ತಿವೆ. ಅದನ್ನು ಸರಿಪಡಿಸುವುದು ಚಳಿಗಾಲದ ಕೆಲಸ. ತಮ್ಮನ 211 ಹಾಡನ್ನು ಮಾತ್ರ ಆ ರಾತ್ರಿಯೇ ಎರಡು ಪೆನ್‌ಡ್ರೈವಿಗೆ ಹಾಕಿದೆವು. ಒಂದು ನಮ್ಮ ಮನೆಯಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ.

ಬಲಿಪಾಡ್ಯಮಿಯ ಸಂಜೆ ಎಲ್ಲರೂ ಹಾಡಿದರು. ಯಜಮಾನರೂ ಹಾಡಿದರು, ನಾವು ಸಹಿಸಿಕೊಂಡೆವು. ತಮ್ಮ ಬರದೇ ಹೋದ ಮೂರರ ಪಟ್ಟಿ ಕೇಳಿ, ಹಾಳೆ ನೋಡಿ, 1,137ರ ಮೇಲೆ ಬೆರಳಿಟ್ಟ. ನಮ್ಮಮ್ಮ ಹಾಡುತ್ತಿದ್ದ ಜೋಗುಳ ಅದು. ಅವನು ಅದಕ್ಕೆ ವಾದ್ಯ ಕೂರಿಸಿದ್ದು ನನಗೆ ಗೊತ್ತೇ ಇರಲಿಲ್ಲ. “ಟ್ರ್ಯಾಕ್ ಇಲ್ದಿದ್ರೆ ಏನಂತೆ, ಕೀಬೋರ್ಡ್ ತೆಗಿ” ಎಂದ. ಪುಟ್ಟಿಯ ಬೆರಳನ್ನು ಹಿಡಿದು ಒಂದು ಕೀಲಿಯ ಮೇಲೆ, ಇನ್ನೊಂದು ಬೆರಳನ್ನು ಇನ್ನೊಂದರ ಮೇಲೆ ಇಟ್ಟ. ಅವನ ಕೈ ನಡುಗುತ್ತಿತ್ತು, ಅವಳದು ಇಲ್ಲ. “ನಾನು ತಲೆ ಆಡಿಸೋವರೆಗೂ ಬಿಡಬಾರ್ದು” ಎಂದ. ಆ ಎರಡೇ ಸ್ವರದ ಮೇಲೆ ಹಾಡು ಪೂರ್ತಿ ಹಾಡಿದ. ನಡುವೆ ಒಂದು ಕಡೆ ಪದ ಮರೆತ, ನಾನು ಎತ್ತಿಕೊಟ್ಟೆ.

ಕೆಟ್ಟ ಡಿಸ್ಕು ಇನ್ನೂ ಅದೇ ಟವೆಲಿನಲ್ಲಿ ಬೀರುವಿನಲ್ಲಿದೆ. ಹೋದ 535 ಹಾಡಿಗಾಗಿ ಹಣ ಕೊಟ್ಟು ತೆಗೆಸುವುದೋ ಬೇಡವೋ ಎಂದು ತಮ್ಮ ಇನ್ನೂ ಹೇಳಿಲ್ಲ. ಪುಟ್ಟಿಯ ಆಟವನ್ನು ಮತ್ತೆ ಹಾಕಿಕೊಟ್ಟಿದ್ದೇನೆ. ದಿನಾ ಸಂಜೆ ಹೋಂವರ್ಕ್ ಆದ ಮೇಲೆ ಅರ್ಧ ಗಂಟೆ ನನ್ನನ್ನೂ ಪಕ್ಕ ಕೂರಿಸಿಕೊಂಡು ತೊಟ್ಟಿ ಮನೆ ಕಟ್ಟಿಸುತ್ತಿದ್ದಾಳೆ. ಕಲ್ಲು ಹೊರುವ ಕೆಲಸ ನನ್ನದು. ಅಂಗಳ ಮುಗಿದಿದೆ. ಕೊಟ್ಟಿಗೆಗೆ ಇನ್ನೂ ಎರಡು ಹಸು ಬರಬೇಕು.